ಕರಣೆ ಹಿಡಿದ ಕೈಗೆ ತೊಂಬತ್ತು ದಿನದ ಲೆಕ್ಕ

ಮೈಸೂರಿನ ಒಂಟಿಕೊಪ್ಪಲು, ಮೇಟಗಳ್ಳಿಗಳ ನೆರೆಯಲ್ಲಿರುವ ಕುಂಬಾರಕೊಪ್ಪಲಿನ ಚರಿತ್ರೆ ಅದರ ಹೆಸರಿನಲ್ಲೇ ಅಡಗಿದೆ. ಕೊಪ್ಪಲು ಎಂದರೆ ಊರಿನ ಅಂಚಿನ ಪುಟ್ಟ ವಸತಿ. ಕುಂಬಾರರು ನೆಲೆಸಿದ ಕೊಪ್ಪಲು ಕುಂಬಾರಕೊಪ್ಪಲು. ಕುಂಬಾರರ ಮನೆಯ ಹುಡುಗ ತಿಗರಿಯ ಮುಂದೆ ಕೂರಲು ಯಾರ ಅಪ್ಪಣೆಚೀಟಿಯೂ ಬೇಕಿರಲಿಲ್ಲ. ಮಣ್ಣು ತುಳಿಯುವುದರಿಂದ ಹಿಡಿದು ಆವಿಗೆ ಇಡುವವರೆಗೆ ಎಲ್ಲವನ್ನೂ ಅವನು ಅಂಗಳದಲ್ಲೇ ಕಲಿಯುತ್ತಿದ್ದ. ತರಬೇತಿಯ ಖರ್ಚು ಮನೆಯದು, ಅರ್ಹತೆ ಹುಟ್ಟಿನದು. ಆ ಕುಲದಲ್ಲಿ ಹುಟ್ಟದವನಿಗೆ ಆ ಬಾಗಿಲು ಮುಚ್ಚಿರುತ್ತಿತ್ತು ಎಂಬುದೂ ಅಷ್ಟೇ ನಿಜ.

ಈಗ ಕೊಪ್ಪಲು ನಗರದೊಳಗೆ ಸೇರಿಹೋಗಿದೆ. ಸುತ್ತಲಿನ ಬಡಾವಣೆಗಳಲ್ಲಿ ಎದ್ದ ಮನೆ, ಮಳಿಗೆಗಳ ಹಿಂದೆ ಗಾರೆಯವರು, ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು, ಬಾಂಡ್ಲಿ ಹೊರುವ ಹೆಂಗಸರು ಇದ್ದಾರೆ. ಇವರ ಕಲಿಕೆಯ ಖರ್ಚು ಯಾರದು? ಅದನ್ನು ಪಡೆಯುವ ಅರ್ಹತೆ ಯಾರಿಗೆ? ಮೇಲ್ನೋಟಕ್ಕೆ ಇದು ಕಚೇರಿಯ ಪ್ರಶ್ನೆ. ಆದರೆ ಇದಕ್ಕೂ ಒಂದು ಚರಿತ್ರೆ ಇದೆ.

ಅರಸರ ಕಾಲದ ಉತ್ತರ ಸರಳವಾಗಿತ್ತು: ಖರ್ಚು ಖಜಾನೆಯದು. ಸಯ್ಯಾಜಿರಾವ್ ರಸ್ತೆಯಲ್ಲಿ ಇಂದಿಗೂ ನಿಂತಿರುವ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಹಾಕಿದವರು ಬ್ರಿಟನ್ನಿನ ಅಂದಿನ ಯುವರಾಜ, ಮುಂದೆ ಚಕ್ರವರ್ತಿಯಾದ ಐದನೆಯ ಜಾರ್ಜ್. ಕುಶಲ ಕಸುಬುಗಳನ್ನು ಮನೆಯ ಅಂಗಳದಿಂದ ಶಾಲೆಯ ಕೋಣೆಗೆ ತಂದ ಸಂಸ್ಥೆ ಅದು. ಆದರೆ ಶಾಲೆಗೆ ಬರುವಷ್ಟು ಬಿಡುವಿದ್ದವನಿಗೆ ಮಾತ್ರ ಆ ಕಲಿಕೆ ದಕ್ಕುತ್ತಿತ್ತು. ದಿನಗೂಲಿಯವನಿಗೆ ಒಂದು ದಿನದ ಪಾಠವೆಂದರೆ ಒಂದು ದಿನದ ಉಪವಾಸ.

ಬೇರೆ ದೇಶಗಳು ಇನ್ನೊಂದು ದಾರಿ ಹಿಡಿದವು. ಕುಶಲ ಕೆಲಸಗಾರರಿಂದ ಲಾಭ ಪಡೆಯುವ ಉದ್ಯಮವೇ ಅವರ ಕಲಿಕೆಗೆ ಹಣ ಕೊಡಲಿ ಎಂಬುದು ಆ ವಾದ. ಫ್ರಾನ್ಸ್ 1925ರಲ್ಲೇ ಅಪ್ರೆಂಟಿಸ್ ತೆರಿಗೆ ವಿಧಿಸಿತು. ಬ್ರಿಟನ್ 1964ರ ಕೈಗಾರಿಕಾ ತರಬೇತಿ ಕಾಯ್ದೆಯ ಮೂಲಕ ಒಂದೊಂದು ಉದ್ಯಮಕ್ಕೂ ಮಂಡಳಿ ರಚಿಸಿ, ಮಾಲೀಕರಿಂದ ಸುಂಕ ಎತ್ತಿ, ತರಬೇತಿ ಕೊಟ್ಟವರಿಗೆ ಅನುದಾನ ಹಂಚುವ ಪದ್ಧತಿ ತಂದಿತು. ಸಿಂಗಪುರ 1979ರಲ್ಲಿ ಕೌಶಲ ಸುಂಕ ಹೇರಿತು. ಭಾರತದ 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವ ಹೊಣೆ ಹೊರಿಸಿತೇ ಹೊರತು ಸುಂಕ ಹಾಕಲಿಲ್ಲ. ಹಾಜರಿ ಪುಸ್ತಕವೂ ಇಲ್ಲದ ಗಾರೆ ಕೆಲಸಗಾರನಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಕಟ್ಟಡ ಕಾರ್ಮಿಕರಿಗೆ ಪ್ರತ್ಯೇಕ ಕೇಂದ್ರ ಕಾಯ್ದೆ ಬೇಕೆಂಬ ಚಳವಳಿ 1980ರ ದಶಕದಲ್ಲಿ ಬಲಗೊಂಡಿತು. ನಿವೃತ್ತ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅದರ ಮುಂಚೂಣಿಯಲ್ಲಿದ್ದರು. ಫಲವಾಗಿ 1996ರಲ್ಲಿ ಸಂಸತ್ತು ಎರಡು ಕಾಯ್ದೆಗಳನ್ನು ಅಂಗೀಕರಿಸಿತು. ಒಂದು ದುಡಿಮೆಯ ನಿಯಮಗಳಿಗೆ, ಇನ್ನೊಂದು ಕಲ್ಯಾಣ ಸುಂಕಕ್ಕೆ. ನಿರ್ಮಾಣ ವೆಚ್ಚದ ಶೇ. 1ಕ್ಕೆ ಕಡಿಮೆಯಿಲ್ಲದಂತೆ, ಶೇ. 2ನ್ನು ಮೀರದಂತೆ ಸುಂಕ ವಿಧಿಸಬಹುದೆಂದು ಕಾಯ್ದೆ ಹೇಳಿತು, ನಿಗದಿಯಾದದ್ದು ಶೇ. 1. ಒಂದು ಕೋಟಿ ರೂಪಾಯಿಯ ಕಟ್ಟಡವೆಂದರೆ ಒಂದು ಲಕ್ಷ ರೂಪಾಯಿ ಸುಂಕ. ಕರ್ನಾಟಕದಲ್ಲಿ ನಿಯಮಗಳು ರೂಪುಗೊಳ್ಳಲು 2006ರವರೆಗೆ, ಕಲ್ಯಾಣ ಮಂಡಳಿ ಅಸ್ತಿತ್ವಕ್ಕೆ ಬರಲು 2007ರವರೆಗೆ ಕಾಯಬೇಕಾಯಿತು. ಪಿಂಚಣಿ, ಹೆರಿಗೆ ಭತ್ಯೆ, ಮಕ್ಕಳ ವಿದ್ಯಾಭ್ಯಾಸದ ನೆರವಿನ ಜೊತೆಗೆ ಮಂಡಳಿ ರೂಪಿಸಿದ ಯೋಜನೆಗಳಲ್ಲಿ ‘ಶ್ರಮ ಸಾಮರ್ಥ್ಯ’ವೂ ಒಂದು. ನೋಂದಾಯಿತ ಕಾರ್ಮಿಕನಿಗೆ ತರಬೇತಿ ಕೊಟ್ಟು, ಅವನ ಕಸುಬಿನ ಸಲಕರಣೆಗಳನ್ನೂ ಕೊಡುವ ಯೋಜನೆ ಅದು.

ಅರ್ಹತೆಯ ಮಾತು ಬರುವುದು ಇಲ್ಲಿಯೇ. ಕಾರ್ಮಿಕನಿಗೆ 18 ವರ್ಷ ತುಂಬಿರಬೇಕು, 60 ದಾಟಿರಬಾರದು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಅಥವಾ ನಿರ್ಮಾಣ ಕೆಲಸ ಮಾಡಿರಬೇಕು. ಆ ದಿನಗಳು ಒಂದೇ ಮಾಲೀಕನ ಬಳಿ, ಒಂದೇ ಸಮನೆ ಕಳೆದಿರಬೇಕೆಂದೇನೂ ಇಲ್ಲ.

ಇಷ್ಟು ಬಿಗಿ ಏಕೆ? ಸುಪ್ರೀಂ ಕೋರ್ಟ್ 2011ರಲ್ಲಿ ದಿವಾನ್ ಚಂದ್ ಬಿಲ್ಡರ್ಸ್ ಪ್ರಕರಣದಲ್ಲಿ ನೀಡಿದ ತೀರ್ಪು ಇದನ್ನು ಸ್ಪಷ್ಟಪಡಿಸುತ್ತದೆ. ಈ ಸುಂಕ ತೆರಿಗೆಯಲ್ಲ, ಶುಲ್ಕ ಎಂದಿತು ನ್ಯಾಯಾಲಯ. ತೆರಿಗೆಯ ಹಣ ಖಜಾನೆಗೆ ಸೇರಿ ಎಲ್ಲಿಗೆ ಬೇಕಾದರೂ ಹರಿಯಬಹುದು. ಶುಲ್ಕ ಹಾಗಲ್ಲ, ಯಾರ ಹೆಸರಿನಲ್ಲಿ ಎತ್ತಲಾಯಿತೋ ಅವರಿಗೇ ಮುಟ್ಟಬೇಕು. ಹಾಗಾಗಿ ನಿಜವಾದ ಕಟ್ಟಡ ಕಾರ್ಮಿಕ ಯಾರು ಎಂದು ಗುರುತಿಸುವುದು ಅನಿವಾರ್ಯ. ಕರಣೆಯನ್ನೇ ಮುಟ್ಟದವರು ಕಾರ್ಡು ಮಾಡಿಸಿಕೊಂಡ ‘ಬೋಗಸ್ ಕಾರ್ಡ್’ ಹಗರಣ ನಮ್ಮ ರಾಜ್ಯಕ್ಕೂ ಹೊಸದಲ್ಲ.

ಆದರೆ ಬೇಲಿಗೆ ಎರಡು ಮಗ್ಗುಲು. 90 ದಿನ ದುಡಿದಿದ್ದಾನೆಂದು ಬರೆದುಕೊಡುವವರು ಯಾರು? ಮಾಲೀಕ ಅಥವಾ ಗುತ್ತಿಗೆದಾರ, ಇಲ್ಲವೇ ನೋಂದಾಯಿತ ಕಾರ್ಮಿಕ ಸಂಘ ಅಥವಾ ಕಾರ್ಮಿಕ ಇಲಾಖೆಯ ಅಧಿಕಾರಿ. ಬೆಳಿಗ್ಗೆ ವೃತ್ತದಲ್ಲಿ ನಿಂತು, ಕರೆದವರ ಹಿಂದೆ ಹೋಗಿ, ಸಂಜೆ ಕೂಲಿ ಎಣಿಸಿಕೊಂಡು ಬರುವವನು ಇಂದು ಒಂದು ಕಡೆ, ನಾಳೆ ಇನ್ನೊಂದು ಕಡೆ. ವರ್ಷದಲ್ಲಿ 200 ದಿನ ದುಡಿದರೂ 90 ದಿನಕ್ಕೆ ಸಹಿ ಹಾಕಿಸುವುದು ಅವನಿಗೆ ಕಷ್ಟ. ಗಂಡ ಮೇಸ್ತ್ರಿ, ಹೆಂಡತಿ ಕೈಯಾಳಾಗಿದ್ದು, ಕೂಲಿ ಇಬ್ಬರದ್ದೂ ಸೇರಿ ಒಂದೇ ಕೈಗೆ ಬಂದಾಗ, ಆಕೆಯ ದುಡಿಮೆಗೆ ಲೆಕ್ಕವೇ ಉಳಿಯುವುದಿಲ್ಲ. ಬಾಂಡ್ಲಿ ಬಿಟ್ಟು ಕರಣೆ ಹಿಡಿಯಲು ತರಬೇತಿ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಆಕೆಗೇ.

ಇತ್ತ ಹಣವೇನೂ ಕೊರತೆಯಾಗಿರಲಿಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 19ರಂದು ನೀಡಿದ ತೀರ್ಪಿನ ಪ್ರಕಾರ, ದೇಶದಲ್ಲಿ ಅಲ್ಲಿಯವರೆಗೆ ಸಂಗ್ರಹವಾಗಿದ್ದ ಸುಂಕ 37,400 ಕೋಟಿ ರೂಪಾಯಿಗೂ ಹೆಚ್ಚು. ಬಳಕೆಯಾದದ್ದು ಸುಮಾರು 9,500 ಕೋಟಿ. ಕಾರ್ಮಿಕರ ಈ ಹಣದಲ್ಲಿ ಲ್ಯಾಪ್‌ಟಾಪ್, ಬಟ್ಟೆ ಒಗೆಯುವ ಯಂತ್ರಗಳನ್ನು ಕೊಂಡ ಸಂಗತಿಯೂ ನ್ಯಾಯಾಲಯದ ಮುಂದೆ ಬಂದಿತ್ತು. ಅತ್ತ ಹಣ ಕೊಳೆಯುತ್ತಿತ್ತು, ಇತ್ತ ಅರ್ಜಿದಾರ ಸಹಿಗಾಗಿ ಅಲೆಯುತ್ತಿದ್ದ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಸುಂಕ ಕಾಯ್ದೆಯ ಸ್ಥಾನದಲ್ಲಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. 18ರಿಂದ 60 ವಯಸ್ಸು, 90 ದಿನದ ದುಡಿಮೆ ಎಂಬ ಷರತ್ತುಗಳು ಅಲ್ಲಿಯೂ ಉಳಿದಿವೆ. ಬದಲಾದ ಒಂದು ಅಂಶವನ್ನು ಮಾತ್ರ ಗಮನಿಸಬೇಕು. ಮೊದಲು 10 ಲಕ್ಷ ರೂಪಾಯಿವರೆಗಿನ ಸ್ವಂತ ವಾಸದ ಮನೆಗೆ ಸುಂಕದಿಂದ ವಿನಾಯಿತಿ ಇತ್ತು. ಹೊಸ ಸಂಹಿತೆಯಲ್ಲಿ ಆ ಮಿತಿ 50 ಲಕ್ಷಕ್ಕೆ ಏರಿದೆ. ಮನೆ ಕಟ್ಟಿಸುವ ಮಧ್ಯಮ ವರ್ಗದವರಿಗೆ ಇದು ನೆಮ್ಮದಿ. ಆದರೆ ಕೊಪ್ಪಲಿನಂಥ ಕಡೆ ಗಾರೆಯವರಿಗೆ ಕೆಲಸ ಕೊಡುವುದು ಬಹುಮಟ್ಟಿಗೆ ಇಂಥ ಮನೆಗಳೇ. ಅವರು ದುಡಿಯುವ ಸ್ಥಳದಿಂದಲೇ ಅವರ ನಿಧಿಗೆ ಹಣ ಬಾರದ ಸ್ಥಿತಿ ಇದು.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಗೋಡೆಯನ್ನು ತೂಕದ ಗುಂಡಿಗೆ ಸರಿಯಾಗಿ ನಿಲ್ಲಿಸುವ ಕೈಯನ್ನು ಪಳಗಿಸಲೂ ವರ್ಷಗಳೇ ಬೇಕು. ಸಹಿಯಿಲ್ಲದ ಅರ್ಜಿಯನ್ನು ತಳ್ಳಿಹಾಕಲು ನಿಮಿಷ ಸಾಕು. ಮನೆ ಕಟ್ಟಿಸುವವರು ಈ ನಿಮಿಷವನ್ನು ತಪ್ಪಿಸಬಲ್ಲರು. ಕೆಲಸ ಮುಗಿದ ದಿನ ಕೂಲಿಯ ಜೊತೆಗೆ ಎಷ್ಟು ದಿನ ದುಡಿದರೆಂದು ಬರೆದು, ಗಂಡಿಗೂ ಹೆಣ್ಣಿಗೂ ಬೇರೆ ಬೇರೆಯಾಗಿ ಸಹಿ ಹಾಕಿಕೊಟ್ಟರೆ ಸಾಕು. ಅದಕ್ಕೆ ಯಾವ ಸುಂಕವೂ ಇಲ್ಲ.