ದುಡಿಯುವ ಜಾಗಕ್ಕೂ ಒಂದು ಸಂಸ್ಕೃತಿ: ಕಣ್ಣೂರಿನ ದಿನೇಶ್ ಬೀಡಿಯ ಚರಿತ್ರೆ

ಕೆಲಸದ ಸ್ಥಳದಲ್ಲಿ ಒಳ್ಳೆಯ ವಾತಾವರಣ ಇರಬೇಕು, ನೌಕರರು ನಗುನಗುತ್ತಾ ದುಡಿಯಬೇಕು ಎಂಬ ಮಾತನ್ನು ನಾವಿಂದು ಎಲ್ಲೆಡೆ ಕೇಳುತ್ತಿದ್ದೇವೆ. ದೊಡ್ಡ ಕಂಪೆನಿಗಳು ಇದಕ್ಕಾಗಿ ತರಬೇತಿ ಶಿಬಿರಗಳನ್ನು ನಡೆಸುತ್ತವೆ, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುತ್ತವೆ, ಗೋಡೆಗಳ ಮೇಲೆ ಸುಭಾಷಿತಗಳನ್ನು ತೂಗುಹಾಕುತ್ತವೆ. ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ದುಡಿಯುವವನ ಘನತೆ ಇವುಗಳಿಂದ ಹುಟ್ಟುತ್ತದೆಯೇ ಎಂಬುದು ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ ಮ್ಯಾನೇಜ್‌ಮೆಂಟ್ ಗುರುಗಳ ಪುಸ್ತಕಗಳನ್ನೇ ತೆರೆಯಬೇಕಾಗಿಲ್ಲ. ನಮ್ಮ ಕರಾವಳಿಯ ಪಕ್ಕದಲ್ಲೇ, ಗಡಿಯಾಚೆಗಿನ ಕಣ್ಣೂರಿನಲ್ಲಿ, ಹೆಚ್ಚು ಓದು ಬರಹ ಕಾಣದ ಬೀಡಿ ಕಾರ್ಮಿಕರು ಇದಕ್ಕೊಂದು ಉತ್ತರವನ್ನು ತಮ್ಮ ಕೈಯಾರೆ ಕಟ್ಟಿದ್ದರು. ಆ ಚರಿತ್ರೆಯ ಒಂದು ಕೊನೆ ಮಂಗಳೂರಿನಲ್ಲಿದೆ. ಆದ್ದರಿಂದ ಅದು ನಮ್ಮ ಚರಿತ್ರೆಯೂ ಹೌದು.

ಮಂಗಳೂರಿನಿಂದ ಕಣ್ಣೂರಿಗೆ

ಬೀಡಿ ಉದ್ಯಮಕ್ಕೆ ದೊಡ್ಡ ಯಂತ್ರ ಬೇಡ. ಎಲೆ, ಹೊಗೆಸೊಪ್ಪು, ನೂಲು ಮತ್ತು ಕತ್ತರಿ ಇದ್ದರೆ ಸಾಕು. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದರೆ ಒಂದು ಬೀಡಿ. ಇದನ್ನೇ ದಿನಕ್ಕೆ ಸಾವಿರದ ಲೆಕ್ಕದಲ್ಲಿ ಮಾಡಬೇಕು. ಎಲೆ ಮಧ್ಯ ಭಾರತದ ಕಾಡುಗಳಿಂದ, ಹೊಗೆಸೊಪ್ಪು ನಿಪ್ಪಾಣಿ ಮತ್ತು ಗುಜರಾತಿನ ಕಡೆಯಿಂದ ಬರುತ್ತದೆ. ಕರಾವಳಿಯಲ್ಲಿ ಇವೆರಡೂ ಬೆಳೆಯದಿದ್ದರೂ ಬೀಡಿ ಇಲ್ಲಿ ದೊಡ್ಡ ಉದ್ಯಮವಾಯಿತು. ಕಾರಣ ಒಂದೇ: ಕಡಿಮೆ ಕೂಲಿಗೆ ಸಿಗುವ ಚುರುಕು ಕೈಗಳು. ಮಂಗಳೂರಿನ ಬೀಡಿ ಸಂಸ್ಥೆಗಳು ದಕ್ಷಿಣ ಕನ್ನಡದಲ್ಲಷ್ಟೇ ಅಲ್ಲದೆ ಉತ್ತರ ಕೇರಳದಲ್ಲಿಯೂ ಕೆಲಸ ಮಾಡಿಸುತ್ತಿದ್ದವು. ಇಂದಿನ ಕಾಸರಗೋಡು ಜಿಲ್ಲೆ ಆಗ ಕಣ್ಣೂರು ಜಿಲ್ಲೆಯ ಭಾಗವಾಗಿತ್ತು. ಆದ್ದರಿಂದ ಮಲಯಾಳಿಗಳ ಜೊತೆಗೆ ಕನ್ನಡ, ತುಳು ಮಾತನಾಡುವವರೂ ಇದ್ದ ಪ್ರದೇಶವದು. ಬೀಡಿ ಕಟ್ಟುತ್ತಿದ್ದವರಲ್ಲಿ ತೀಯರು, ಮಾಪಿಳ್ಳೆಗಳು ಒಟ್ಟಿಗೇ ಕುಳಿತಿರುತ್ತಿದ್ದರು.

ಆ ಕಾಲದ ಬೀಡಿ ಶಾಲೆಗಳಲ್ಲಿ ಕಾರ್ಮಿಕನ ಮುಖ್ಯ ದೂರು ಕೂಲಿ ಕಡಿಮೆ ಎಂಬುದಷ್ಟೇ ಆಗಿರಲಿಲ್ಲ. ದಿನವಿಡೀ ಬಾಗಿ ಕುಳಿತು ಕಟ್ಟಿದ ಬೀಡಿಗಳಲ್ಲಿ ಒಂದಷ್ಟನ್ನು ಮೇಸ್ತ್ರಿಯು 'ಸರಿಯಿಲ್ಲ' ಎಂದು ಬದಿಗೆ ಸರಿಸುತ್ತಿದ್ದ. ಅದಕ್ಕೆ ಕೂಲಿ ಇರಲಿಲ್ಲ. ಯಾಕೆ ಸರಿಯಿಲ್ಲ ಎಂದು ಕೇಳುವ ಹಕ್ಕೂ ಇರಲಿಲ್ಲ. ಕೊಟ್ಟ ಎಲೆ ಕೆಟ್ಟದಿದ್ದರೂ ಲೆಕ್ಕ ಮಾತ್ರ ಒಪ್ಪಿಸಬೇಕಿತ್ತು. ಇಂತಹ ಸಣ್ಣ ಸಣ್ಣ ಅವಮಾನಗಳೇ ದುಡಿಯುವ ಜಾಗವನ್ನು ನರಕ ಮಾಡುತ್ತವೆ ಎಂಬುದನ್ನು ಯಾವುದೇ ಕೆಲಸ ಮಾಡಿದವರೂ ಬಲ್ಲರು. 1930ರ ದಶಕದಿಂದಲೇ ಕಣ್ಣೂರಿನ ಬೀಡಿ ಕಾರ್ಮಿಕರು ಸಂಘ ಕಟ್ಟಿ ಮುಷ್ಕರ ಹೂಡಿದ್ದರ ಹಿಂದೆ ಈ ನೋವೂ ಇತ್ತು.

ಓದುವವನ ಪಾಲಿನ ಬೀಡಿ

ಈ ಕಷ್ಟದ ನಡುವೆಯೇ ಅಲ್ಲಿ ಒಂದು ಸುಂದರವಾದ ರೂಢಿ ಬೆಳೆಯಿತು. ಬೀಡಿ ಕಟ್ಟಲು ಕೈ ಮತ್ತು ಕಣ್ಣು ಬೇಕು, ಕಿವಿ ಬೇಡ. ಯಂತ್ರದ ಸದ್ದೂ ಇಲ್ಲ. ಹಾಗಾಗಿ ಕಾರ್ಮಿಕರು ತಮ್ಮಲ್ಲೊಬ್ಬನನ್ನು ಓದುವುದಕ್ಕೆ ಕೂರಿಸುತ್ತಿದ್ದರು. ಅವನು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಬೀಡಿ ಕಟ್ಟುತ್ತಾ ಕೇಳುತ್ತಿದ್ದರು. ಓದಿದ ಹೊತ್ತಿನಲ್ಲಿ ಅವನಿಗೆ ಆಗುವ ನಷ್ಟವನ್ನು ಉಳಿದವರು ತುಂಬಿಕೊಡುತ್ತಿದ್ದರು. ಪತ್ರಿಕೆಯ ಹಣವನ್ನೂ ಹಂಚಿಕೊಳ್ಳುತ್ತಿದ್ದರು. ಪತ್ರಿಕೆ ಮುಗಿದ ಬಳಿಕ ಕಥೆ, ಕಾದಂಬರಿಗಳೂ ಬರುತ್ತಿದ್ದವು. ಓದಿದ್ದರ ಮೇಲೆ ಚರ್ಚೆ, ಜಗಳ, ನಗು ಎಲ್ಲವೂ ನಡೆಯುತ್ತಿತ್ತು. ಶಾಲೆಯ ಮುಖ ನೋಡದ ಎಷ್ಟೋ ಮಂದಿಗೆ ಬೀಡಿ ಶಾಲೆಯೇ ನಿಜವಾದ ಶಾಲೆಯಾಯಿತು.

ಈ ರೂಢಿ ಕಣ್ಣೂರಿನದ್ದು ಮಾತ್ರವಲ್ಲ. ಸಾವಿರಾರು ಮೈಲಿ ದೂರದ ಕ್ಯೂಬಾದಲ್ಲಿ, ಹವಾನಾ ನಗರದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಲ್ಲೇ ಓದುವವನನ್ನು ನೇಮಿಸುವ ಪದ್ಧತಿ ಆರಂಭವಾಗಿತ್ತು. ಮರುವರ್ಷವೇ ಸ್ಪೇನಿನ ವಸಾಹತು ಆಡಳಿತ ಅದನ್ನು ನಿಷೇಧಿಸಿತು. ಆಮೇಲೆ ಅದು ಮತ್ತೆ ಚಿಗುರಿತು. ಕೇಳಿಸಿಕೊಂಡು ಯೋಚಿಸುವ ಕಾರ್ಮಿಕನನ್ನು ಕಂಡರೆ ಆಳುವವರಿಗೆ ಯಾಕೆ ಭಯ ಎಂಬುದನ್ನು ಈ ನಿಷೇಧವೇ ಹೇಳುತ್ತದೆ. ಒಂದೇ ಬಗೆಯ ಕೆಲಸ ಎರಡು ಖಂಡಗಳಲ್ಲಿ ಒಂದೇ ಬಗೆಯ ಸಂಸ್ಕೃತಿಯನ್ನು ಬೆಳೆಸಿತು. ಎರಡು ಕಡೆಯೂ ಅದನ್ನು ಬೆಳೆಸಿದವರು ದುಡಿಯುವವರೇ ಎಂಬುದು ಗಮನಾರ್ಹ.

ಒಂದು ಕಾನೂನು, ಮುಚ್ಚಿದ ಬಾಗಿಲು

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಅಂಗೀಕರಿಸಿತು. ಕೆಲಸದ ಗಂಟೆಗೆ ಮಿತಿ, ವಾರದ ರಜೆ, ಸಂಬಳ ಸಹಿತ ವಾರ್ಷಿಕ ರಜೆ, ಹೆರಿಗೆ ಸೌಲಭ್ಯ, ಕುಡಿಯುವ ನೀರು, ಶೌಚಾಲಯ, ಕೂಸಿನ ಕೋಣೆ, ಕ್ಯಾಂಟೀನ್ ಮುಂತಾದವು ಅದರಲ್ಲಿದ್ದವು. ಇಂದು ಓದಿದರೆ ಇವು ಮನುಷ್ಯರಿಗೆ ಕೊಡಬೇಕಾದ ಕನಿಷ್ಠ ಸಂಗತಿಗಳೆಂದು ತೋರುತ್ತದೆ. ಆದರೆ ಉದ್ಯಮಿಗಳು ಇದನ್ನು ಭಾರವೆಂದು ಭಾವಿಸಿದರು. ಅನೇಕ ರಾಜ್ಯಗಳು ಕಾನೂನನ್ನು ಜಾರಿಗೊಳಿಸಲು ಮೀನಮೇಷ ಎಣಿಸಿದವು. ಕೇರಳದಲ್ಲಿ 1967ರಲ್ಲಿ ಅಧಿಕಾರಕ್ಕೆ ಬಂದಿದ್ದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ಜಾರಿಗೆ ಮುಂದಾಯಿತು.

ಪರಿಣಾಮ ತಕ್ಷಣ ಕಂಡಿತು. 1968ರ ಅಕ್ಟೋಬರ್‌ನಲ್ಲಿ ಮಂಗಳೂರು ಗಣೇಶ್ ಬೀಡಿ ಸಂಸ್ಥೆಯು ಕಣ್ಣೂರು ಭಾಗದ ತನ್ನ ಕೆಲಸವನ್ನು ನಿಲ್ಲಿಸಿತು. ಸುಮಾರು 12 ಸಾವಿರ ಕಾರ್ಮಿಕರು ಬೀದಿಗೆ ಬಿದ್ದರು. ಬೀಡಿ ಉದ್ಯಮಿಗಳು ಕಾಯ್ದೆಯನ್ನು ಸುಪ್ರೀಂ ಕೋರ್ಟಿನಲ್ಲಿಯೂ ಪ್ರಶ್ನಿಸಿದರು. 1974ರಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿ ಹಿಡಿಯಿತು. ಆದರೆ ಒಲೆ ಹತ್ತದ ಮನೆಗಳು ತೀರ್ಪಿಗಾಗಿ ಆರು ವರ್ಷ ಕಾಯುವಂತಿರಲಿಲ್ಲ.

ಆಗ ಹುಟ್ಟಿದ್ದೇ ಸಹಕಾರಿ ಸಂಘದ ಯೋಚನೆ. ಕೈಗಾರಿಕಾ ಸಚಿವರಾಗಿದ್ದ ಟಿ.ವಿ. ಥಾಮಸ್ ಮತ್ತು ಕಾರ್ಮಿಕ ಸಂಘಗಳು ಇದಕ್ಕೆ ಬೆನ್ನು ಕೊಟ್ಟರು. 1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಕೇಂದ್ರ ಸಹಕಾರಿ ಸಂಘ ಅಸ್ತಿತ್ವಕ್ಕೆ ಬಂತು. ಕಾರ್ಮಿಕರ ಕೈಯಲ್ಲಿ ಷೇರು ಕೊಳ್ಳಲು ಹಣವಿರಲಿಲ್ಲ. ಷೇರು ಹಣದ ಬಹುಪಾಲನ್ನು ಸರ್ಕಾರ ಸಾಲವಾಗಿ ಕೊಟ್ಟಿತು, ಅದನ್ನು ಕೂಲಿಯಿಂದ ಸ್ವಲ್ಪ ಸ್ವಲ್ಪವಾಗಿ ತೀರಿಸುವ ಏರ್ಪಾಡಾಯಿತು. ಮೊದಲ ಅಧ್ಯಕ್ಷರಾದ ಜಿ.ಕೆ. ಪಣಿಕ್ಕರ್ ಬಹುಕಾಲ ಅದನ್ನು ಮುನ್ನಡೆಸಿದರು. ಕೆಲಸ ಕಳೆದುಕೊಂಡವರಿಗೆಲ್ಲ ಮೊದಲ ದಿನವೇ ಕೆಲಸ ಸಿಗಲಿಲ್ಲ. ಆದರೆ ಮಾರುಕಟ್ಟೆ ಬೆಳೆದಂತೆ ಸಂಘವೂ ಬೆಳೆಯಿತು. 1980ರ ದಶಕದ ಆರಂಭದಲ್ಲಿ ಅಲ್ಲಿ ದುಡಿಯುವವರ ಸಂಖ್ಯೆ ಸುಮಾರು 42 ಸಾವಿರಕ್ಕೆ ಏರಿತ್ತು.

ಏನು ಬದಲಾಯಿತು?

ಕೆಲಸ ಅದೇ. ಎಲೆ, ಹೊಗೆಸೊಪ್ಪು, ನೂಲು, ಕತ್ತರಿ ಅವೇ. ಹಾಗಿದ್ದರೆ ಬದಲಾದದ್ದು ಏನು?

ಮೊದಲನೆಯದು ಅಧಿಕಾರದ ಸ್ಥಾನ. ಸಂಘಕ್ಕೆ ಎರಡು ಹಂತಗಳಿದ್ದವು. ಊರೂರಿನ ಪ್ರಾಥಮಿಕ ಸಂಘಗಳು ಕೆಲಸದ ಕೇಂದ್ರಗಳನ್ನು ನಡೆಸುತ್ತಿದ್ದವು. ಕೇಂದ್ರ ಸಂಘ ಕಚ್ಚಾ ಸಾಮಗ್ರಿ ಕೊಳ್ಳುವುದು, ಬೀಡಿ ಮಾರುವುದು ಮತ್ತು ಹಣಕಾಸನ್ನು ನೋಡಿಕೊಳ್ಳುತ್ತಿತ್ತು. ಪ್ರಾಥಮಿಕ ಸಂಘದ ನಿರ್ದೇಶಕರನ್ನು ಕಾರ್ಮಿಕರೇ ಆರಿಸುತ್ತಿದ್ದರು. ಮೇಸ್ತ್ರಿಯ ಹುದ್ದೆ ಇಲ್ಲಿಯೂ ಇತ್ತು, ಗುಣಮಟ್ಟದ ಪರೀಕ್ಷೆಯೂ ಇತ್ತು. ಕೆಟ್ಟ ಬೀಡಿ ಮಾರಿದರೆ ಸಂಘವೇ ಮುಳುಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಮೇಸ್ತ್ರಿ ಈಗ ಕಾರ್ಮಿಕರಿಗೆ ಉತ್ತರ ಹೇಳಬೇಕಾದವನು. ಯಾಕೆ ಸರಿಯಿಲ್ಲ ಎಂಬ ಹಳೆಯ ಪ್ರಶ್ನೆಗೆ ಕೊನೆಗೂ ಒಂದು ವೇದಿಕೆ ಸಿಕ್ಕಿತ್ತು.

ಎರಡನೆಯದು, ಹಕ್ಕು ಮತ್ತು ದಾನದ ನಡುವಿನ ವ್ಯತ್ಯಾಸ. ಖಾಸಗಿಯವರು ಭಾರವೆಂದು ಕೈಬಿಟ್ಟು ಹೋದ ಅದೇ ಸೌಲಭ್ಯಗಳನ್ನು ಸಂಘ ನೀಡಿಯೂ ಬದುಕಿ ತೋರಿಸಿತು. ರಜೆಯ ಸಂಬಳ, ಬೋನಸ್, ಭವಿಷ್ಯನಿಧಿ, ಹೆರಿಗೆ ಸೌಲಭ್ಯ ಅಲ್ಲಿ ಲೆಕ್ಕಪುಸ್ತಕದಲ್ಲಿ ಮಾತ್ರ ಉಳಿಯಲಿಲ್ಲ, ಕೈಗೂ ಬಂತು. ಕಾನೂನು ಹೇಳದ ನಿವೃತ್ತಿ ಸಹಾಯದಂತಹ ಯೋಜನೆಗಳನ್ನೂ ಸಂಘ ತಾನಾಗಿ ಮಾಡಿಕೊಂಡಿತು. ಕಾನೂನು ಪಾಲಿಸಿದರೆ ಉದ್ಯಮ ಉಳಿಯದು ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿರಲಿಲ್ಲ.

ಮೂರನೆಯದು ಆ ಓದು. ಮೊದಲು ಸಹಿಸಿಕೊಳ್ಳಬೇಕಾದ ಸಂಗತಿಯಾಗಿದ್ದ ಪತ್ರಿಕೆಯ ಓದು ಈಗ ಕೆಲಸದ ಕೇಂದ್ರದ ಸಹಜ ಭಾಗವಾಯಿತು. ಆಡಳಿತದ ತಪ್ಪುಗಳೂ ಅಲ್ಲಿ ಚರ್ಚೆಯಾಗುತ್ತಿದ್ದವು. ಲೆಕ್ಕಪತ್ರ ಅರ್ಥವಾಗದ ಸದಸ್ಯರಿರುವ ಸಹಕಾರಿ ಸಂಘವನ್ನು ನಾಲ್ಕು ಮಂದಿ ಬುದ್ಧಿವಂತರು ನುಂಗಿ ಹಾಕುವುದನ್ನು ನಾವು ನಮ್ಮ ಊರುಗಳಲ್ಲಿ ಎಷ್ಟು ಬಾರಿ ನೋಡಿಲ್ಲ! ಮೂವತ್ತು ನಲವತ್ತು ವರ್ಷ ಕೇಳಿ ಕೇಳಿ ಹದಗೊಂಡ ಕಿವಿಗಳು ದಿನೇಶ್ ಬೀಡಿಯ ನಿಜವಾದ ಬಂಡವಾಳವಾಗಿದ್ದವು. ಸರ್ಕಾರದ ಸಾಲ ಆಮೇಲಿನದು.

ನೆರಳುಗಳು

ಈ ಚರಿತ್ರೆಯನ್ನು ಬರೇ ಹೊಗಳಿ ಮುಗಿಸಿದರೆ ಅದು ಅಪ್ರಾಮಾಣಿಕವಾಗುತ್ತದೆ. ಕಾಲಕ್ರಮೇಣ ಬೀಡಿ ಕಟ್ಟುವವರಲ್ಲಿ ಮಹಿಳೆಯರ ಸಂಖ್ಯೆ ಬಹಳ ಹೆಚ್ಚಿತು. ಆದರೆ ನಿರ್ದೇಶಕರ ಕುರ್ಚಿಗಳಲ್ಲಿ ಅವರ ಪಾಲು ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. ಮನೆಗೆಲಸ ಮುಗಿಸಿ ಬಂದು, ಮತ್ತೆ ಮನೆಗೆಲಸಕ್ಕೆ ಓಡುವ ಹೆಣ್ಣಿಗೆ ಸಂಜೆಯ ಸಭೆಗಳಲ್ಲಿ ಕೂರುವ ಪುರಸೊತ್ತು ಎಲ್ಲಿಂದ ಬರಬೇಕು? ಸಂಘದ ಮೇಲೆ ಒಂದು ರಾಜಕೀಯ ಪಕ್ಷದ ಹಿಡಿತ ಹೆಚ್ಚು ಎಂಬ ಟೀಕೆಯೂ ಇತ್ತು.

ಎಲ್ಲಕ್ಕಿಂತ ದೊಡ್ಡ ನೆರಳು ಬೀಡಿಯದ್ದೇ. ಸೇದುವವನಿಗೆ ಕ್ಯಾನ್ಸರ್ ಮತ್ತು ಶ್ವಾಸಕೋಶದ ಕಾಯಿಲೆ, ಕಟ್ಟುವವನಿಗೆ ಹೊಗೆಸೊಪ್ಪಿನ ಧೂಳು ಮತ್ತು ಬೆನ್ನು ನೋವು. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. 2003ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಂಬಾಕು ನಿಯಂತ್ರಣ ಕಾಯ್ದೆ ಬಂತು. ಈ ನಿಷೇಧಗಳನ್ನು ನಾವು ಸ್ವಾಗತಿಸಲೇಬೇಕು. ಒಬ್ಬರ ಅನ್ನ ಇನ್ನೊಬ್ಬರ ಉಸಿರನ್ನು ಕಸಿಯಬಾರದು. ಆದರೆ ಅನ್ನ ಕಳೆದುಕೊಳ್ಳುವವರ ಗತಿಯೇನು ಎಂಬ ಪ್ರಶ್ನೆಯನ್ನು ಬಿಟ್ಟು ಹೋಗುವುದೂ ನ್ಯಾಯವಲ್ಲ. ದಿನೇಶ್ ಸಂಘ ಈ ಪ್ರಶ್ನೆಯನ್ನು ತಾನೇ ಎದುರಿಸಿತು. 1990ರ ದಶಕದ ಕೊನೆಯಿಂದ ತೆಂಗಿನ ಹಾಲು, ಮಸಾಲೆ ಪುಡಿ, ಉಪ್ಪಿನಕಾಯಿ, ಕೊಡೆ, ಸಿದ್ಧ ಉಡುಪು, ಕಂಪ್ಯೂಟರ್ ಸೇವೆ ಹೀಗೆ ಬೇರೆ ದಾರಿಗಳನ್ನು ಹಿಡಿಯಿತು. ಬೀಡಿ ವಿಭಾಗ ಕುಗ್ಗುತ್ತಾ ಬಂತು, ಸಾವಿರಾರು ಮಂದಿ ನಿವೃತ್ತರಾದರು. ಹೊಸ ಘಟಕಗಳು ಅಷ್ಟೂ ಕೈಗಳಿಗೆ ಕೆಲಸ ಕೊಡಲಾರದೆ ಹೋದವು. ಹಾಗಿದ್ದರೂ ಬಾಗಿಲು ಮುಚ್ಚಿ ಬೇರೆ ರಾಜ್ಯಕ್ಕೆ ಹೋಗುವ ದಾರಿಯನ್ನು ಅದು ಹಿಡಿಯಲಿಲ್ಲ. ಹೋಗುವುದಾದರೂ ಎಲ್ಲಿಗೆ? ಮಾಲೀಕರು ಆ ಊರಿನವರೇ ಆಗಿದ್ದರು.

ನಮ್ಮ ಮನೆಯ ಜಗಲಿಯಲ್ಲಿ

ಇನ್ನು ಗಡಿಯ ಈಚೆಗೆ ಬರೋಣ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬೀಡಿ ಕೆಲಸ ಹೆಚ್ಚಾಗಿ ಮನೆಗಳಲ್ಲಿ ಉಳಿಯಿತು. ಬಿಲ್ಲವರ ಮನೆಯಿರಲಿ, ಬ್ಯಾರಿಗಳ ಮನೆಯಿರಲಿ, ಜಗಲಿಯಲ್ಲಿ ಮಡಿಲ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವ ತಾಯಿ, ಅಕ್ಕಂದಿರನ್ನು ನೋಡದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆ ಬೀಡಿಯ ದುಡ್ಡಿನಲ್ಲಿ ಎಷ್ಟೋ ಮಕ್ಕಳು ಶಾಲೆ, ಮದ್ರಸ ಕಲಿತರು. ಎಷ್ಟೋ ಹೆಣ್ಮಕ್ಕಳ ಮದುವೆಯ ಚಿನ್ನ ಅದರಿಂದ ಬಂತು. ಅವರ ಋಣ ನಮ್ಮ ಮೇಲಿದೆ.

ಆದರೆ ಅವರಿಗೆ 'ಕೆಲಸದ ಜಾಗ' ಎಂಬುದೇ ಇರಲಿಲ್ಲ ಎಂಬುದನ್ನು ನಾವು ಯೋಚಿಸಿದ್ದೇವೆಯೇ? ಎಲೆ ತರುವುದು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ಯುವುದು, ಗುತ್ತಿಗೆದಾರ ಸರಿಯಿಲ್ಲ ಎಂದದ್ದನ್ನು ಕೇಳಿಸಿಕೊಂಡು ಮರಳುವುದು ಎಲ್ಲವೂ ಒಬ್ಬೊಬ್ಬರೇ. ಕೆಲಸದ ಗಂಟೆ ಎಂಬುದಿಲ್ಲ, ಸೀಮೆಎಣ್ಣೆ ದೀಪ ಆರುವ ತನಕ ಕೆಲಸ. ಕ್ಯಾಂಟೀನ್ ಎಂದರೆ ತಾನೇ ಹೊತ್ತಿಸಿದ ಒಲೆ. ಕೂಸಿನ ಕೋಣೆ ಎಂದರೆ ಪಕ್ಕದಲ್ಲಿ ಮಲಗಿಸಿದ ಮಗು, ಅದರ ಮೂಗಿಗೂ ಹೊಗೆಸೊಪ್ಪಿನ ಧೂಳು. ಭವಿಷ್ಯನಿಧಿ, ಬೋನಸ್ ಮುಂತಾದವು ಇಲ್ಲಿಯೂ ಹೋರಾಟದಿಂದ ಒಂದು ಮಟ್ಟಿಗೆ ಬಂದವು, ಅದನ್ನು ಅಲ್ಲಗಳೆಯಲಾಗದು. ಆದರೆ ಪುಸ್ತಕದಲ್ಲಿ ಹೆಸರಿಲ್ಲದೆ ದುಡಿದವರಿಗೆ ಅವು ದಕ್ಕಲಿಲ್ಲ. ಒಟ್ಟಿಗೆ ಕುಳಿತು ಪತ್ರಿಕೆ ಕೇಳುವ, ಅನುಮಾನ ಹಂಚಿಕೊಳ್ಳುವ, ನಾಳೆ ಬ್ರಾಂಚಿನಲ್ಲಿ ಒಟ್ಟಾಗಿ ಪ್ರಶ್ನಿಸೋಣ ಎಂದು ಮಾತಾಡಿಕೊಳ್ಳುವ ಜಾಗ ಮನೆಯ ಒಂಟಿ ಜಗಲಿಯಲ್ಲಿ ಸಿಗಲಿಲ್ಲ.

ಇಂದು ಬೀಡಿ ಇಳಿಮುಖವಾಗಿದೆ. ಆದರೆ ಕೆಲಸದ ಜಾಗವೇ ಇಲ್ಲದ ಕೆಲಸ ಹೊಸ ರೂಪದಲ್ಲಿ ಮರಳಿ ಬಂದಿದೆ. ಬೈಕಿನಲ್ಲಿ ಊಟ ತಲುಪಿಸುವ ಹುಡುಗನನ್ನು ನೋಡಿ. ಅವನಿಗೆ ಮೇಸ್ತ್ರಿ ಇಲ್ಲ, ಮೊಬೈಲ್ ಇದೆ. ಆ ಮೊಬೈಲ್ 'ಸರಿಯಿಲ್ಲ' ಎಂದರೆ ಯಾಕೆ ಎಂದು ಕೇಳಲು ಅವನಿಗೂ ಒಂದು ಜಾಗವಿಲ್ಲ.

ಕಣ್ಣೂರಿನ ಚರಿತ್ರೆಯಿಂದ ನಾವು ಕಲಿಯುವುದು ಇಷ್ಟು. ಒಳ್ಳೆಯ ವಾತಾವರಣ ಮೇಲಿನಿಂದ ಸುರಿಯುವ ಕೃಪೆಯಲ್ಲ. ಯಾಕೆ ಎಂದು ಕೇಳುವ ಹಕ್ಕು, ಲೆಕ್ಕ ನೋಡುವ ಹಕ್ಕು, ಒಟ್ಟಿಗೆ ಕೂರುವ ಜಾಗ ಇವು ಮೂರೂ ಇದ್ದಲ್ಲಿ ಅದು ತಾನಾಗಿ ಬೆಳೆಯುತ್ತದೆ. ನಮ್ಮಲ್ಲಿ ಅಂಗಡಿ ಇಟ್ಟವರಿದ್ದಾರೆ, ಹೋಟೆಲು ನಡೆಸುವವರಿದ್ದಾರೆ, ಶಾಲೆ, ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರಿದ್ದಾರೆ. ನಮ್ಮ ಕೈಕೆಳಗೆ ದುಡಿಯುವವರು ತಿಂಗಳಿಗೊಮ್ಮೆಯಾದರೂ ನಮ್ಮೆದುರು ಕುಳಿತು ಹೆದರದೆ 'ಯಾಕೆ' ಎಂದು ಕೇಳಬಲ್ಲರೇ? ಗೋಡೆಗೆ ಸುಭಾಷಿತ ತೂಗುಹಾಕುವ ಮೊದಲು ಈ ಒಂದು ಪ್ರಶ್ನೆಗೆ ನಾವು ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕಾಗಿದೆ.