ಮಸಿ ಬಳಿದ ಮುಖ, ಮಂಚಿಕೇರಿಯ ಮುಖ

(ಬರ್ವಾ ಅಲ್ ಬರಾಹಾದಲ್ಲಿ ಸೇರಿದ್ದ ಕನ್ನಡ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತನ್ನೇ ಆಡುವನೆಂಬ ಅಂಜಿಕೆ ನಿಮಗಿರಬಹುದು. ಇಂದು ಅದರಿಂದ ಬಿಡುಗಡೆ. ನಾನು ಹೇಳಹೊರಟಿರುವುದು ಬಣ್ಣದ ಡಬ್ಬಿಯೊಂದರ ಕಥೆ.

ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಕಾಲೇಜಿನ ಗ್ಯಾದರಿಂಗಿನಲ್ಲಿ ನನಗೆ ‘ಕಾಡುಮನುಷ್ಯ’ನ ಪಾತ್ರ ದೊರೆಯಿತು. ಮೈಗೆಲ್ಲ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಸುತ್ತಿ ಕುಣಿಸಿದರು. ಚಪ್ಪಾಳೆಗೇನೂ ಕೊರತೆಯಾಗಲಿಲ್ಲ. ಮುಂದೆ ಇಂಟರ್ನ್‌ಶಿಪ್ಪಿನಲ್ಲಿದ್ದಾಗ ಗುಂಗುರುಗೂದಲಿನ ಮಹಿಳೆಯೊಬ್ಬರು ಚಿಕಿತ್ಸೆಗೆ ಬಂದರು. ಯಾವ ದೇಶವೆಂದು ಇಂಗ್ಲಿಷಿನಲ್ಲಿ ಕೇಳಿದೆ. “ಯಲ್ಲಾಪುರ ತಾಲೂಕ್ರಿ” ಎಂದರು ಆಕೆ. ಆ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಆಕೆ ಸಿದ್ದಿ ಜನಾಂಗದವರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳಲ್ಲಿ ನೆಲೆಸಿದೆ. ಆ ಹಡಗುಗಳ ಕಥೆಯನ್ನರಿಯಲು ದೂರ ಹೋಗಬೇಕಿಲ್ಲ. ದೋಹಾದ ಮುಶೈರಿಬ್‌ನಲ್ಲಿ ೨೦೧೫ರಲ್ಲಿ ತೆರೆದ ಬಿನ್ ಜೆಲ್ಮೂದ್ ಭವನವು ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರದ ವಸ್ತುಸಂಗ್ರಹಾಲಯ. ಕತಾರಿನಲ್ಲಿ ಗುಲಾಮಗಿರಿ ರದ್ದಾದದ್ದು ೧೯೫೨ರಲ್ಲಿ. ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಶುಕ್ರವಾರಗಳಲ್ಲೊಂದನ್ನು ಇದಕ್ಕೆ ಮೀಸಲಿಡಿ.

ಇನ್ನು ರಂಗಭೂಮಿ. ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಕಪ್ಪು ನಟ ಐರಾ ಆಲ್ಡ್ರಿಜ್ ೧೮೩೩ರಲ್ಲೇ ಒಥೆಲ್ಲೊ ಆಗಿ ನಿಂತಿದ್ದ. ಆದರೂ ೧೯೬೫ರ ಚಲನಚಿತ್ರದಲ್ಲಿ ಲಾರೆನ್ಸ್ ಒಲಿವಿಯೆ ಮಸಿ ಬಳಿದುಕೊಂಡೇ ಆ ಪಾತ್ರ ಮಾಡಿದ. ನಮ್ಮಲ್ಲಿಯೂ ಕಪ್ಪು ಪಾತ್ರವೆಂದರೆ ಡಬ್ಬಿಯಿಂದ ಬರುವುದೆಂದೇ ಎಣಿಕೆ.

ಆ ಎಣಿಕೆಯನ್ನು ಬುಡಮೇಲು ಮಾಡಿದ್ದು ಮಂಚಿಕೇರಿ. ೧೯೮೦ರ ದಶಕದಲ್ಲಿ ಹೆಗ್ಗೋಡಿನ ನೀನಾಸಂನ ಚಿದಂಬರರಾವ್ ಜಂಬೆಯವರು ಅಲ್ಲಿಯ ಸಿದ್ದಿಗಳಿಂದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನಾಡಿಸಿದರು. ಮೂಲ, ನೈಜೀರಿಯಾದ ಚಿನುವಾ ಅಚಿಬೆಯ ೧೯೫೮ರ ಕಾದಂಬರಿ. ಬಿಳಿಯರ ಆಗಮನದಿಂದ ಬಿರುಕು ಬಿಟ್ಟ ಇಗ್ಬೊ ಹಳ್ಳಿಯೊಂದರ ಕಥೆ. ಮೈಬಣ್ಣ ಹೊಂದಿದ್ದರಿಂದ ಪಾತ್ರವೂ ಹೊಂದಿತೆನ್ನುವುದು ಸುಲಭ. ನನಗೆ ಅದು ಸಾಲದು. ಇಗ್ಬೊ ಜನರದು ಪಶ್ಚಿಮ ಆಫ್ರಿಕಾ. ಸಿದ್ದಿಗಳ ಬೇರುಗಳನ್ನು ಹೆಚ್ಚಾಗಿ ಹುಡುಕುವುದು ಖಂಡದ ಇನ್ನೊಂದು ಕರಾವಳಿಯಲ್ಲಿ. ಆ ಹಳ್ಳಿಯ ದೇವರು, ಭಾಷೆಗಳು ಅವರಿಗೂ ನಮಗಿದ್ದಷ್ಟೇ ಅಪರಿಚಿತ. ಹೊರಗಿನವರು ಬಂದು ನೆಲ ಕೈತಪ್ಪುವ ಅನುಭವ ಮಾತ್ರ ಪರಿಚಿತ. ನಟನೆ ಹುಟ್ಟಿದ್ದು ಅಲ್ಲಿ, ಚರ್ಮದಲ್ಲಲ್ಲ.

ಆನಂತರ ಸಿದ್ದಿ ಯುವಕ ಯುವತಿಯರು ನೀನಾಸಂನಲ್ಲಿ ಕಲಿತು ಬಂದರು. ಗಿರಿಜಾ ಸಿದ್ದಿಯವರು ರಂಗಭೂಮಿಯಲ್ಲೂ ಗಾಯನದಲ್ಲೂ ಹೆಸರಾದರು. ‘ಸಲಗ’ (೨೦೨೧) ಚಿತ್ರದ ಹಾಡಿನಲ್ಲಿ ಅವರ ದನಿಯಿದೆ. ಪ್ರಶಾಂತ್ ಸಿದ್ದಿಯವರು ‘ಪರಮಾತ್ಮ’ (೨೦೧೧) ಚಿತ್ರದಿಂದ ಮನೆಮಾತಾದರು. ಆದರೆ ಸಿದ್ದಿ ನಟನೊಬ್ಬನು ಕಥೆಯಲ್ಲಿ ಸುಮ್ಮನೆ ಬ್ಯಾಂಕ್ ಮ್ಯಾನೇಜರನಾಗಿ, ಯಾರದೋ ಅಳಿಯನಾಗಿ ಬರುವ ಚಿತ್ರಗಳೆಷ್ಟು? ನೀವೇ ಎಣಿಸಿ ನೋಡಿ.

ಈ ಬಾರಿಯ ರಾಜ್ಯೋತ್ಸವದ ಮಕ್ಕಳ ನಾಟಕದ ಸಾಮಾನಿನ ಪಟ್ಟಿಯನ್ನು ಕಾರ್ಯದರ್ಶಿಗಳು ನನಗೆ ತೋರಿಸಿದ್ದಾರೆ. ಅದರಲ್ಲಿ ‘ಕಪ್ಪು ಬಣ್ಣ, ಎರಡು ಡಬ್ಬಿ, ಬೇಡರ ಪಾತ್ರಕ್ಕೆ’ ಎಂದಿದೆ. ಆ ಸಾಲನ್ನು ನಾನು ಪೆನ್ನಿನಿಂದ ಹೊಡೆದುಹಾಕಿದ್ದೇನೆ. ಆಕ್ಷೇಪವಿದ್ದವರು ಚಹಾದ ವೇಳೆಯಲ್ಲಿ ನನ್ನೊಡನೆ ಜಗಳವಾಡಬಹುದು.