ನಿಧಿಯೂ ನೆಲೆಯೂ

ನಮ್ಮ ದಾನಶಾಸನಗಳನ್ನು ಓದಿದವರಿಗೆ 'ಅಷ್ಟಭೋಗ ತೇಜಸ್ವಾಮ್ಯ' ಎಂಬ ಮಾತು ಪರಿಚಿತವಾದುದೇ. ಭೂಮಿಯನ್ನು ದಾನ ಪಡೆದವನಿಗೆ ಅದರೊಡನೆ ಸಲ್ಲುತ್ತಿದ್ದ ಎಂಟು ಹಕ್ಕುಗಳಲ್ಲಿ ನಿಧಿ ನಿಕ್ಷೇಪಗಳೂ ಸೇರಿದ್ದುವು. ಮಣ್ಣಿನಲ್ಲಿ ಹುದುಗಿದ ಹೊನ್ನು ಯಾರದು ಎಂಬ ಪ್ರಶ್ನೆ ಅಷ್ಟು ಹಳೆಯದು. ಆ ಹೊನ್ನು ಇದ್ದ ನೆಲೆಗೂ ಒಂದು ಬೆಲೆಯುಂಟೆ ಎಂಬ ಪ್ರಶ್ನೆ ಮಾತ್ರ ಈಚಿನದು. ಇಂಗ್ಲೆಂಡಿನ ಹೊಲಗಳಲ್ಲಿ ನಡೆದ ಎರಡು ಪ್ರಸಂಗಗಳು ಅದಕ್ಕೆ ಉತ್ತರ ಹೇಳುತ್ತವೆ.

ಆ ದೇಶದಲ್ಲಿ ರಜೆ ಬಂತೆಂದರೆ ಲೋಹಶೋಧಕ ಯಂತ್ರ ಹಿಡಿದು ಉತ್ತ ಹೊಲಗಳಲ್ಲಿ ಅಡ್ಡಾಡುವವರು ಸಾವಿರಾರು ಮಂದಿ. ಯಂತ್ರದ ತುದಿಯಲ್ಲಿರುವ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಸುತ್ತಲೂ ಕಾಂತಕ್ಷೇತ್ರ ಏಳುತ್ತದೆ. ನೆಲದಡಿಯ ಲೋಹ ಅದನ್ನು ಕದಡಿದೊಡನೆ ಯಂತ್ರ ಸದ್ದು ಮಾಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೋಜೆಫ್ ಕೊಸಾಟ್ಸ್ಕಿ ನೆಲದಲ್ಲಿ ಹೂತಿಟ್ಟ ಬಾಂಬುಗಳ ಪತ್ತೆಗೆಂದು ಇಂಥದೊಂದು ಸಾಧನವನ್ನು ರೂಪಿಸಿದನು. 1942ರಲ್ಲಿ ಎಲ್ ಅಲಮೈನ್ ರಣರಂಗದಲ್ಲಿ ಅದು ಸೈನಿಕರ ಪ್ರಾಣ ಉಳಿಸಿತು. ಸಾವನ್ನು ಹುಡುಕಲು ಹುಟ್ಟಿದ ಯಂತ್ರ ಶಾಂತಿಕಾಲದಲ್ಲಿ ಇತಿಹಾಸಪ್ರಿಯರ ಕೈಗೋಲಾಯಿತು.

1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸನ್ ಗ್ರಾಮದಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಸ್ನೇಹಿತ ಎರಿಕ್ ಲಾಸ್ ತನ್ನ ಯಂತ್ರದೊಡನೆ ಬಂದನು. ಸಿಕ್ಕಿದ್ದು ಬೆಳ್ಳಿಯ ಚಮಚಗಳು, ಚಿನ್ನದ ಒಡವೆ, ರಾಶಿ ನಾಣ್ಯ. ಅಂಥ ಹೊತ್ತಿನಲ್ಲಿ ಯಾರ ಕೈಯಾದರೂ ಗುದ್ದಲಿಯನ್ನು ಬಿಟ್ಟೀತೆ? ಲಾಸ್ ಬಿಟ್ಟನು. ಸ್ವಲ್ಪ ಅಗೆದು, ನಿಲ್ಲಿಸಿ, ಅಧಿಕಾರಿಗಳಿಗೆ ಸುದ್ದಿ ಕಳಿಸಿದನು. ಮರುದಿನವೇ ಪುರಾತತ್ತ್ವಜ್ಞರು ಬಂದು ಉಳಿದುದನ್ನು ಕ್ರಮವಾಗಿ ಹೊರತೆಗೆದರು. ಸುಮಾರು 15,000 ರೋಮನ್ ನಾಣ್ಯಗಳು, ಸುಮಾರು 200 ಬೆಳ್ಳಿ ಬಂಗಾರದ ವಸ್ತುಗಳು ದೊರೆತುವು. ಓಕ್ ಮರದ ಪೆಟ್ಟಿಗೆ ಮಣ್ಣಾಗಿದ್ದರೂ ಒಳಗೆ ಯಾವುದನ್ನು ಎಲ್ಲಿ ಜೋಡಿಸಿದ್ದರೆಂಬುದನ್ನು ತಿಳಿಯಲು ಸಾಧ್ಯವಾಯಿತು. ಬ್ರಿಟನ್ನಿನಲ್ಲಿ ರೋಮನ್ ಆಡಳಿತ ಕುಸಿಯುತ್ತಿದ್ದ ಐದನೆಯ ಶತಮಾನದ ಆರಂಭದಲ್ಲಿ ಒಂದು ಶ್ರೀಮಂತ ಮನೆತನ ತನ್ನ ಸಿರಿಯನ್ನು ಎಷ್ಟು ಜತನದಿಂದ ಹೂತಿಟ್ಟಿತೆಂಬುದು ಹೀಗೆ ಕಣ್ಣಿಗೆ ಕಟ್ಟಿತು. ಲಾಸ್ ತನಗೆ ಬಂದ 17.5 ಲಕ್ಷ ಪೌಂಡುಗಳ ಬಹುಮಾನವನ್ನು ರೈತನೊಡನೆ ಹಂಚಿಕೊಂಡನು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ವಸ್ತುಸಂಗ್ರಹಾಲಯದ ಸೊತ್ತು!

ಆ ನಿಧಿಯಲ್ಲಿ ಮೆಣಸಿನ ಪುಡಿ ಉದುರಿಸುವ ನಾಲ್ಕು ಬೆಳ್ಳಿ ಪಾತ್ರೆಗಳಿದ್ದುವು. ರೋಮನರ ಊಟದ ಮೇಜಿಗೆ ಕರಿಮೆಣಸು ಹೋಗುತ್ತಿದ್ದುದು ದಕ್ಷಿಣ ಭಾರತದ ಪಡುವಣ ಕರಾವಳಿಯಿಂದ. ಆ ವ್ಯಾಪಾರದ ಇನ್ನೊಂದು ತುದಿ ನಮ್ಮ ನೆಲದಲ್ಲೇ ಉಂಟು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿನಾಣ್ಯಗಳು ದೊರೆತಿವೆ. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದ ವ್ಹೀಲರರು, ಇಂಥ ವಸ್ತುಗಳು ಮಣ್ಣಿನ ಯಾವ ಪದರದಲ್ಲಿವೆ ಎಂಬುದರಿಂದಲೇ ಸಾತವಾಹನರ ಕಾಲದ ನೆಲೆಗಳನ್ನು ಗುರುತಿಸಿದರು. ಅದೇ ನಾಣ್ಯ ಅಕ್ಕಸಾಲಿಗನ ಮೂಸೆಗೆ ಬಿದ್ದಿದ್ದರೆ ಒಂದಿಷ್ಟು ಬೆಳ್ಳಿಯಾಗುತ್ತಿತ್ತು, ಅಷ್ಟೆ.

ಎರಡನೆಯ ಪ್ರಸಂಗ ಇದಕ್ಕೆ ವಿರುದ್ಧವಾದುದು. 2015ರಲ್ಲಿ ಹೆರಿಫರ್ಡ್‌ಶೈರಿನ ಲೆಮ್‌ಸ್ಟರ್ ಬಳಿ ಇಬ್ಬರಿಗೆ ವೈಕಿಂಗರ ಕಾಲದ ನಿಧಿಯೊಂದು ಸಿಕ್ಕಿತು. ಅವರು ಅದನ್ನು ಮುಚ್ಚಿಟ್ಟು ಗುಟ್ಟಾಗಿ ಮಾರತೊಡಗಿದರು. ಸುಮಾರು 300 ನಾಣ್ಯಗಳಿದ್ದಿರಬೇಕೆಂದು ಅಂದಾಜು. ಬಹುಪಾಲು ಇಂದಿಗೂ ಪತ್ತೆಯಾಗಿಲ್ಲ. 2019ರಲ್ಲಿ ಅವರಿಗೆ ಸೆರೆಮನೆಯಾಯಿತು. ಕೈಗೆ ಬಂದ ಕೆಲವು ನಾಣ್ಯಗಳಲ್ಲಿ ಇಬ್ಬರು ಚಕ್ರವರ್ತಿಗಳು ಜೊತೆಯಾಗಿ ಕುಳಿತ ಚಿತ್ರವಿದೆ. ಈ ಒಂದೇ ಮುದ್ರೆಯನ್ನು ವೆಸೆಕ್ಸಿನ ಆಲ್ಫ್ರೆಡನೂ ಬಳಸಿದ್ದಾನೆ, ಮರ್ಸಿಯದ ಎರಡನೆಯ ಕೆಯೊಲ್‌ವುಲ್ಫನೂ ಬಳಸಿದ್ದಾನೆ. ಆಲ್ಫ್ರೆಡನ ಆಸ್ಥಾನದ ವೃತ್ತಾಂತ ಕೆಯೊಲ್‌ವುಲ್ಫನನ್ನು ವೈಕಿಂಗರ ಕೈಗೊಂಬೆಯೆಂದು ಹಳಿಯುತ್ತದೆ. ನಾಣ್ಯಗಳು ಅವನನ್ನು ಆಲ್ಫ್ರೆಡನ ಮಿತ್ರನೆಂದು ಸೂಚಿಸುತ್ತವೆ. ಗೆದ್ದವನು ಬರೆಸಿದ ಚರಿತ್ರೆಯನ್ನು ತಿದ್ದಬಲ್ಲ ಸಾಕ್ಷಿಗಳಲ್ಲಿ ಹೆಚ್ಚಿನವು ಕಳ್ಳಸಂತೆಯಲ್ಲಿ ಕರಗಿಹೋದುವು.

ಅಲ್ಲಿಯ ಕಾನೂನು ದುರಾಸೆಯನ್ನು ಬಲ್ಲುದು. 1996ರ ಕಾಯಿದೆಯ ಪ್ರಕಾರ ನಿಧಿ ಕಂಡವನು 14 ದಿನಗಳೊಳಗೆ ವರದಿಮಾಡಬೇಕು. ವಸ್ತುಸಂಗ್ರಹಾಲಯ ಅದನ್ನು ಪಡೆದರೆ ಬೆಲೆ ಕಟ್ಟಿ ಕಂಡವನಿಗೂ ಹೊಲದೊಡೆಯನಿಗೂ ಹಂಚಲಾಗುತ್ತದೆ. ನಿಧಿಯೆನಿಸದ ಗುಂಡಿ, ಬಿಲ್ಲೆ, ಕೊಂಡಿಗಳನ್ನು ಸಹ ಜನ ತಾವಾಗಿ ತಂದು ದಾಖಲಿಸುವ ವ್ಯವಸ್ಥೆ 1997ರಲ್ಲಿ ಮೊದಲಾಯಿತು. ಅದರಲ್ಲಿ 15 ಲಕ್ಷಕ್ಕೂ ಮಿಕ್ಕಿ ವಸ್ತುಗಳು ನೆಲೆಸಮೇತ ನಮೂದಾಗಿವೆ.

ನಮ್ಮಲ್ಲೂ 1878ರಿಂದ ನಿಧಿಯ ಕಾನೂನಿದೆ. ಕರ್ನಾಟಕಕ್ಕೆ 1962ರದೇ ಬೇರೊಂದು ಕಾಯಿದೆಯುಂಟು. ಆದರೂ ನಿಧಿಯೆಂದೊಡನೆ ನಮ್ಮ ಹಳ್ಳಿಗಳಲ್ಲಿ ನೆನಪಾಗುವುದು ಅಂಜನ, ಅಮಾವಾಸ್ಯೆ, ಹಾರೆ. ಪಾಳುಗುಡಿಯ ಲಿಂಗವನ್ನು ಕಿತ್ತು, ನಂದಿಯ ಬೆನ್ನನ್ನು ಒಡೆದು ನೋಡುವವರಿಗೆ ಹೆಚ್ಚಾಗಿ ದೊರೆಯುವುದು ಮಣ್ಣೇ. ಊರು ಮಾತ್ರ ತನ್ನ ಅತಿ ಹಳೆಯ ದಾಖಲೆಯನ್ನು ಕಳೆದುಕೊಳ್ಳುತ್ತದೆ. ಹೊಲ ಉಳುವಾಗ ಒಂದು ಹಳೆಯ ಕಾಸು ನೇಗಿಲಿಗೆ ತಗುಲಿದರೆ, ಆ ಜಾಗಕ್ಕೊಂದು ಗೂಟ ನೆಟ್ಟು ಸುದ್ದಿ ಮುಟ್ಟಿಸುವಷ್ಟು ವ್ಯವಧಾನ ರೈತನಿಗಿರಲಿ, ಅವನನ್ನು ಗದರಿಸದೆ ಕೂರಿಸಿ ಕೇಳುವಷ್ಟು ಸೌಜನ್ಯ ಅಧಿಕಾರಿಗಿರಲಿ. ನಮ್ಮ ಚರಿತ್ರೆಯ ಎಷ್ಟೋ ಪುಟಗಳು ಇನ್ನೂ ಆ ಗೂಟಕ್ಕಾಗಿ ಕಾದಿವೆ.